ಬಿಡ್ರಿ ಅಂದದ್ದಕ್ಕೆ ಬಿಟ್ಟೆ

ಕಾಕಾನ ಹಳೆಯ ಸ್ಪೋರ್ಟ್ಸ್ ಕಾರನ್ನು ಕಮಲಾಪುರದಿಂದ ಕಲಬುರಗಿಗೆ ರಿಪೇರಿಗೆ ನಾನು ತರುವಾಗ, ಅದರ ಮುಂದಿನ ಗಾಜನ್ನು ಅವನೇ ಬಿಚ್ಚಿಸಿ, ಕೌದಿಯಲ್ಲಿ ಸುತ್ತಿ ನನ್ನ ಕೈಗಿಟ್ಟಿದ್ದ. "ಇಂಥಾದ್ದು ಮತ್ತೊಂದು ಎಲ್ಲೂ ಸಿಗಂಗಿಲ್ಲ. ಒಡದ್ರ ನನಗ ಮಾರಿ ತೋರಸಬ್ಯಾಡ" ಅಂದಿದ್ದ.

ಸ್ಟೇಶನ್ ಬಜಾರದ ಗ್ಯಾರೇಜಿನಲ್ಲಿ ಬಣ್ಣ, ಸೀಟು, ಬಾಗಿಲಿನ ಹೊಳೆಯುವ ಪಟ್ಟಿ ಎಲ್ಲ ಮುಗಿದು ಗಾಜಿನ ಸರದಿ ಬಂತು. ಗಾಜಿನ ಸುತ್ತಲಿನ ರಬ್ಬರಿಗೆ ದಾರ ತೂರಿಸಿ, ಸೋಪಿನ ನೀರು ಹಚ್ಚಿ, ಮಿಸ್ತ್ರಿ ಕಾರಿನೊಳಗೆ ಕುಳಿತು ದಾರ ಎಳೆದು ರಬ್ಬರಿನ ಅಂಚನ್ನು ಚೌಕಟ್ಟಿಗೆ ಕೂರಿಸುತ್ತಿದ್ದ. ನಾನು ಹೊರಗಿನಿಂದ ಗಾಜನ್ನು ಒತ್ತಿ ಹಿಡಿದಿದ್ದೆ. ಎಲ್ಲೋ ಕಟ್ ಎಂದು ಸಪ್ಪಳವಾಯಿತು. ನಾನು ಗಾಬರಿಯಿಂದ ಒಳಗೆ ಇಣುಕಿದೆ.

"ಏನಾತ್ರೀ?"

"ಏನಿಲ್ಲ, ಬಿಡ್ರಿ" ಅಂದ.

ನಾನು ಬಿಟ್ಟೆ. ನಮ್ಮ ಕಡೆ ಪ್ರತಿ ಮಾತಿನ ಕೊನೆಗೂ ಒಂದು ಬಿಡ್ರಿ ಇರುತ್ತದೆ, ನಿಜ. ಹೆದರಿದವನಿಗೆ ಅದೆಲ್ಲ ಯೋಚಿಸಲು ಪುರುಸೊತ್ತೆಲ್ಲಿ?

ಗಾಜಿನ ಮೇಲಂಚು ಕಳಚಿ ನನ್ನ ಕಡೆ ವಾಲಿತು. ಎದೆ ಕೊಟ್ಟು ತಡೆದೆ. ಉಸಿರಾಡಿದರೂ ಒಡೆದೀತೆಂದು ಹಾಗೇ ನಿಂತೆ. ಮಿಸ್ತ್ರಿ ಇಳಿದು ಬಂದು ಗಾಜು ಹಿಡಿದ. ಅವನ ಮುಖವೂ ಬಿಳಿಚಿಕೊಂಡಿತ್ತು.

"ಚಿಂತಿ ಬಿಡ್ರಿ ಅಂದೆ, ಸಾಹೇಬ್ರ. ಕೈ ಬಿಡ್ರಿ ಅಂದಿದ್ದಿಲ್ಲ."

ಮರುದಿನ ಕಾರು ಒಯ್ಯಲು ಕಾಕಾ ಬಂದ. ಗಾಜು ಗಟ್ಟಿಯಾಗಿ ಕೂತಿತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ಅದನ್ನೇ ನೋಡುತ್ತ ಅವನು ನನ್ನ ಪಕ್ಕದಲ್ಲಿ ಕುಳಿತ. ನಾನು ಎಂಜಿನ್ ಶುರು ಮಾಡಿದೆ. ಮಿಸ್ತ್ರಿ ಕಿಟಕಿಗೆ ಬಗ್ಗಿ, "ಕ್ಲಚ್ ಬಿಡ್ರಿ" ಅಂದ.

ನನ್ನ ಕಾಲು ಮೇಲೇಳಲಿಲ್ಲ.

"ಖರೇನ ಬಿಡ್ಲೇನ್ರೀ?" ಎಂದು ಕೇಳಿಬಿಟ್ಟೆ.

ಕಾಕಾ ಗಾಜಿನಿಂದ ಕಣ್ಣು ತೆಗೆದು ನನ್ನನ್ನೇ ನೋಡಿದ.