ಆಲ್ಡರ್‌ಕೋಟಿನ ಹಳೇ ಮಣ್ಣು

ಹೆರೆಫರ್ಡ್‌ಶೈರಿನ ನಮ್ಮ ಕಡೆ ಹಳೇ ಮನೆಯ ಗೋಡೆಗೆ ಮಣ್ಣು ಮೆತ್ತಬೇಕೆಂದರೆ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಹೆಸ್ಟರ್ ಪ್ರೀಸ್‌ಳದು. ಓಕ್ ಕಂಬ-ತೊಲೆಗಳ ಚೌಕಟ್ಟಿನೊಳಗೆ ಹೇಜಲ್ ಕಡ್ಡಿಯ ತಡಿಕೆ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ತುಳಿದು ಮೆತ್ತುವುದು ಅವಳ ಕೆಲಸ. ಭಾನುವಾರ ಚರ್ಚಿಗೆ ಹೋದರೂ ಉಗುರಿನ ಸಂದಿಯಲ್ಲಿ ಮಣ್ಣು ಇದ್ದೇ ಇರುತ್ತಿತ್ತು. ಪಾದ್ರಿಯ ಹೆಂಡತಿ ಮೂಗು ಮುರಿದರೆ, ದೇವರೂ ಮಣ್ಣು ಕಲಸಿಯೇ ಕೆಲಸ ಶುರುಮಾಡಿದ್ದು ಎನ್ನುತ್ತಿದ್ದಳು.

ಇಂಥ ಗಟ್ಟಿಗಿತ್ತಿ ಅಳುಕಿದ್ದು ಆಲ್ಡರ್‌ಕೋಟ್ ಬಂಗಲೆಯ ಮುಂದೆ ಮಾತ್ರ. ಮೇಲಂತಸ್ತು ಮುಂದಕ್ಕೆ ಚಾಚಿಕೊಂಡ ಆ ಚೆಂದದ ಮನೆಯ ಪಡುವಣ ಗೋಡೆಯ ಮಣ್ಣು ಕಿತ್ತು ಸಿಮೆಂಟ್ ತುಂಬಿದವನು ಅವಳ ಅಪ್ಪ ಏಮಸ್. ಆಗ ಊರಿಗೆಲ್ಲ ಸಿಮೆಂಟಿನ ಹುಚ್ಚು. ಮಣ್ಣಾದರೆ ನೆನೆದು ಒಣಗುತ್ತದೆ. ಸಿಮೆಂಟು ಒಳಗಿಳಿದ ಮಳೆನೀರನ್ನು ಹೊರಬಿಡದೆ ಮರಕ್ಕೇ ಕುಡಿಸಿ ಕೊಳೆಸಿತು. ಏಮಸ್ ಮಾತ್ರ ಪ್ರತಿ ಭಾನುವಾರ ಊಟವಾದ ಮೇಲೆ ಹೋಗಿ ಊರುಗೋಲಿನಿಂದ ಗೋಡೆ ಬಡಿದು, ಹೆಮ್ಮೆಪಟ್ಟು ಬರುತ್ತಿದ್ದ.

ಸಿಮೆಂಟು ಕೀಳದಿದ್ದರೆ ಗೋಡೆ ಈ ಚಳಿಗಾಲ ದಾಟುವುದಿಲ್ಲವೆಂದು ಮನೆಯೊಡತಿ ಮಿಸೆಸ್ ಗ್ವಿಲಿಯಮ್ ಹೇಳಿಕಳಿಸಿದಳು. ಅಪ್ಪನ ಕೈಕೆಲಸವನ್ನು ಅಪ್ಪನ ಕಣ್ಣೆದುರೇ ಒಡೆಯುವುದು ಹೇಗೆ? ಹೆಸ್ಟರಳಿಗೆ ಸಂಕಟಕ್ಕಿಟ್ಟುಕೊಂಡಿತು. ಕೊನೆಗೆ ಸೇಬಿನ ಕಡುಬು ಬಡಿಸುತ್ತ ಹೇಳಿಬಿಟ್ಟಳು.

"ನಾನ್ ಸತ್ಮೇಲೆ ಒಡೀಬಾರ್ದಿತ್ತೇನೇ?" ಎಂದ ಏಮಸ್.

"ಅಷ್ಟರಲ್ಲಿ ಗೋಡೆನೇ ಸಾಯುತ್ತಪ್ಪ."

ತಟ್ಟೆ ಸರಿಸಿ ಎದ್ದವನು, ದಿನವೂ ಅವಳ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದುದನ್ನೂ ಅಂದಿನಿಂದ ಬಿಟ್ಟ.

ಹೆಸ್ಟರ್ ಒಬ್ಬಳೇ ಸುತ್ತಿಗೆ ಹಿಡಿದಳು. ಸಿಮೆಂಟಿನ ಕೊನೆಯ ಚಕ್ಕೆ ಬಿದ್ದ ಬೆಳಿಗ್ಗೆ ಏಮಸ್ ಬಂದು ನಿಂತ. ಬುಡದ ತೊಲೆಗೆ ಬೆರಳಿಟ್ಟ. ಬೆರಳು ಒಳಗೇ ಇಳಿಯಿತು. ಬೆರಳನ್ನೇ ಬಹಳ ಹೊತ್ತು ನೋಡಿ, ಕೊಟ್ಟಿಗೆಯ ಹಿಂದಕ್ಕೆ ನಡೆದು, ತುರಿಕೆ ಗಿಡಗಳನ್ನು ಕೋಲಿನಿಂದ ಬಡಿದು ಮಲಗಿಸತೊಡಗಿದ.

"ಮಣ್ಣಿಗೆ ಎಲ್ಲಿಗ್ ಹೋಗ್ತೀಯಾ?"

"ಹೊಳೆ ದಂಡೆಗೆ."

"ಬೇಡ. ಅವತ್ತು ಕಿತ್ತಿದ್ದನ್ನೆಲ್ಲ ಇಲ್ಲೇ ಸುರಿದಿದ್ದೆ. ಚೆನ್ನಾಗಿ ನೆನೆಸು, ಅದೇ ಮಣ್ಣು ಮತ್ತೆ ಬರುತ್ತೆ."

ಗಿಡದ ಬುಡದಲ್ಲಿ ದಿಬ್ಬವಾಗಿ ಬಿದ್ದಿತ್ತು ಆಲ್ಡರ್‌ಕೋಟಿನ ಹಳೇ ಮಣ್ಣು. ಹೆಂಟೆ ಒಡೆದರೆ ಯಾವ ಕಾಲದ್ದೋ ಹುಲ್ಲಿನ ಎಳೆ ಇನ್ನೂ ಕಾಣುತ್ತಿತ್ತು. ಬಡಗಿ ಬುಡಕ್ಕೆ ಹೊಸ ಓಕ್ ತೊಲೆ ಕೂರಿಸುವಷ್ಟರಲ್ಲಿ, ನೀರು ಕುಡಿದ ಮಣ್ಣು ಬೆಣ್ಣೆಯಂತಾಗಿತ್ತು.

ತುಳಿಯುವ ದಿನ ಏಮಸ್ ಕಲ್ಲಿನ ಮೇಲೆ ಕೂತು ಬೂಟಿನ ದಾರಕ್ಕೆ ಕೈಚಾಚಿದ, ಬಗ್ಗಲಾಗಲಿಲ್ಲ. ಹೆಸ್ಟರ್ ಮಂಡಿಯೂರಿ ಬೂಟು ಎಳೆದಳು. ಮಗಳ ಭುಜ ಹಿಡಿದು ಅವನು ಮಣ್ಣಿಗೆ ಬಿಳಿಚಿದ ಕಾಲಿಟ್ಟ, ತುಳಿದ, ಮುಖ ಸಿಂಡರಿಸಿದ.

"ಸಗಣಿ ಸಾಲ್ದು ಕಣೇ. ಇನ್ನೊಂದ್ ಬುಟ್ಟಿ ತಾ."

ಅಪ್ಪ ಮತ್ತೆ ತಪ್ಪು ಹುಡುಕಲು ಶುರುಮಾಡಿದನೆಂಬ ಖುಷಿಗೆ ಹೆಸ್ಟರ್ ಎರಡು ಬುಟ್ಟಿ ತಂದಳು.