ಕೆಂಚಪ್ಪನವರ ಕೆಂಪು ದೀಪ

ಕಾಟನ್‌ಪೇಟೆಯ ಸಿದ್ದಬಸಪ್ಪನವರ ಹತ್ತಿ ಗೋದಾಮಿಗೆ ಹಗಲು ಕಾವಲುಗಾರರಾಗಿ ಸೇರುವ ಹೊತ್ತಿಗೆ ಕೆಂಚಪ್ಪನವರ ಕಿವಿ ಬಹಳ ಮಂದವಾಗಿತ್ತು. ಅದಕ್ಕೂ ಮೊದಲು ನೂಲಿನ ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರು. ಹತ್ತಿರ ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ಊಹಿಸುತ್ತಿದ್ದರು. ಯಜಮಾನರಿಗೆ ಹೇಳಿರಲಿಲ್ಲ. ಚಾಮರಾಜಪೇಟೆಯ ವಠಾರದಿಂದ ಬುತ್ತಿ ಹಿಡಿದು ನಡೆದು ಬರುವುದು, ಗೇಟಿನ ಬಳಿ ಕೂತು ಹಮಾಲರನ್ನು ಹೆಸರು ಹಿಡಿದು ಮಾತಾಡಿಸುವುದು, ಇಷ್ಟರಲ್ಲೇ ಅವರು ಸುಖಿ.

1954ರಲ್ಲಿ ಸಿದ್ದಬಸಪ್ಪನವರು ಗೋದಾಮಿಗೆ ಬೆಂಕಿ ಗಂಟೆ ಹಾಕಿಸಿದರು. ವೈರ್‌ಮನ್ ಮಾಯಣ್ಣ ಸೂರಿನಡಿ ಅಲ್ಲಲ್ಲಿ ಚಿಕ್ಕ ಡಬ್ಬಿಗಳನ್ನು ಕೂರಿಸಿ, ತಂತಿ ಎಳೆದು, ಗೇಟಿನ ಮೇಲೆ ಗಂಟೆ ಬಿಗಿದ.

"ಡಬ್ಬಿಯೊಳಗೆ ಎರಡು ಲೋಹ ಬೆಸೆದ ಪಟ್ಟಿ ಇದೆ. ಶಾಖ ತಗುಲಿದ್ರೆ ಒಂದು ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಕಮ್ಮಿ. ಪಟ್ಟಿ ಬಾಗಿ ತಂತಿ ಮುಟ್ಟುತ್ತೆ, ಕರೆಂಟ್ ಹರಿಯುತ್ತೆ, ಗಂಟೆ ಹೊಡ್ಕೊಳ್ಳುತ್ತೆ" ಎಂದವನೇ ಏಣಿ ಹತ್ತಿ, ಕುದಿನೀರಿನ ಚೊಂಬನ್ನು ಒಂದು ಡಬ್ಬಿಗೆ ತಾಗಿಸಿ ಹಿಡಿದ.

ಸ್ವಲ್ಪ ಹೊತ್ತಿಗೆ ಎಲ್ಲರೂ ಬೆಚ್ಚಿ ಗೇಟಿನ ಕಡೆ ತಿರುಗಿದರು. ಕೆಂಚಪ್ಪನವರ ಕಿವಿಗೆ ಮಾತ್ರ ಆ ಕೀಚಲು ಸದ್ದು ದಕ್ಕಲೇ ಇಲ್ಲ. ಮಾಯಣ್ಣ ಇಳಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದರು.

"ನಂಗೆ ಗಂಟೆ ಕೇಳಿಸ್ಲಿಲ್ಲ ಕಣಪ್ಪ. ಯಜಮಾನ್ರಿಗೆ ಹೇಳ್ಬಿಡ್ತೀನಿ. ಇನ್ನು ಮುಚ್ಚಿಟ್ಕೊಂಡು ಕಾವಲು ಕಾಯೋಕಾಗಲ್ಲ."

"ಹೇಳೋಣ ಬನ್ನಿ ಅಣ್ಣ. ಗಂಟೆಗೆ ಹೋಗೋ ಕರೆಂಟಲ್ಲೇ ಒಂದು ಬಲ್ಬೂ ಉರಿಸ್ಬೋದು. ಅದನ್ನೂ ಹೇಳೋಣ."

ಸಿದ್ದಬಸಪ್ಪನವರು ಇಬ್ಬರ ಮಾತನ್ನೂ ಕೇಳಿ, "ಕಣ್ಣು ನೆಟ್ಟಗಿದೆ ತಾನೆ ಕೆಂಚಪ್ಪ? ಹಂಗಾದ್ರೆ ಹಾಕ್ಬಿಡು ಮಾಯಣ್ಣ" ಎಂದರು. ಕೆಂಚಪ್ಪನವರು ಕೂರುವ ಜಾಗದ ಎದುರಿಗೇ ಕೆಂಪು ಬಲ್ಬು ಬಂತು.

ಮರುವರ್ಷದ ವೈಶಾಖದಲ್ಲಿ ಒಂದು ಮಧ್ಯಾಹ್ನ ಬೀದಿಯಲ್ಲಿ ಮದುವೆಯ ಮೆರವಣಿಗೆ ಬಂತು. ಡೋಲು, ಬ್ಯಾಂಡು, ಪಟಾಕಿ; ಹಮಾಲರೆಲ್ಲ ಹೊರಗೆ ನಿಂತು ನೋಡುತ್ತಿದ್ದರು. ಆ ಗದ್ದಲದಲ್ಲಿ ಗಂಟೆ ಬಡಿದದ್ದು ಯಾರಿಗೂ ತಿಳಿಯಲಿಲ್ಲ. ಬುತ್ತಿ ಬಿಚ್ಚುತ್ತಿದ್ದ ಕೆಂಚಪ್ಪನವರ ಎದುರು ಬಲ್ಬು ಕೆಂಪಗೆ ಹೊತ್ತಿತು.

"ಬೆಂಕಿ! ಬನ್ರೋ!" ಎಂದು ಕೂಗುತ್ತಾ, ಹತ್ತಿರದ ಹಮಾಲನ ತೋಳು ಹಿಡಿದೆಳೆದು, ನೀರಿನ ಬಕೆಟ್ಟಿನೊಂದಿಗೆ, ಹೊಗೆ ಕಾಣುತ್ತಿದ್ದ ಮಹಡಿಗೆ ಓಡಿದರು. ಕಿಟಕಿಯ ಪಕ್ಕದ ಮೂಟೆಗಳು ಉರಿಯುತ್ತಿದ್ದವು. ಒಬ್ಬರ ಹಿಂದೊಬ್ಬರು ಬಂದು ನೀರು ಸುರಿದರು, ಹೊಗೆಯಾಡುವ ಮೂಟೆಗಳನ್ನು ಹಿತ್ತಲಿಗೆ ಉರುಳಿಸಿದರು. ಫೈರ್ ಎಂಜಿನ್ ಬರುವಷ್ಟರಲ್ಲಿ ಬೆಂಕಿ ಆರಿತ್ತು. ಅದು ಹೇಗೆ ಹತ್ತಿತೆಂದು ಕೊನೆಗೂ ತಿಳಿಯಲಿಲ್ಲ. ಕೆಂಚಪ್ಪನವರ ಮುಂಗೈ ಬೊಬ್ಬೆ ಎದ್ದಿತ್ತು, ಅಷ್ಟೇ.

ಸಿದ್ದಬಸಪ್ಪನವರು ತಾವೇ ಜಟಕಾ ಮಾಡಿಸಿ ಅವರನ್ನು ವಠಾರದ ಮನೆಗೆ ಕರೆದೊಯ್ದರು. ಕೈಯ ಪಟ್ಟಿ ನೋಡಿ ಹೆಂಡತಿ ದಾಕ್ಷಾಯಣಮ್ಮ ಗಾಬರಿಯಾದರು.

"ಹೆದರ್ಬೇಡಮ್ಮ. ಇವರಿದ್ದಿದ್ದಕ್ಕೆ ಗೋದಾಮು ಉಳೀತು" ಎಂದರು ಯಜಮಾನರು. ನೀನು ಎನ್ನುತ್ತಿದ್ದವರ ಬಾಯಲ್ಲಿ ಅಂದಿನಿಂದ ಅವರು 'ಕೆಂಚಪ್ಪನವರು' ಆದರು.

ಗಾಯ ಮಾಗಿದ ಭಾನುವಾರ ಗಂಡಹೆಂಡಿರು ಹನುಮಂತನಗರದ ಗುಡ್ಡ ಹತ್ತಿ ದೇವರಿಗೆ ಕೈಮುಗಿದು, ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದರು. ದಾಕ್ಷಾಯಣಮ್ಮ ಎಂದಿನಂತೆ ಗಂಟಲು ಬಿಚ್ಚಿ ಕಥೆ ಹೇಳುತ್ತಿದ್ದರೆ ಸುತ್ತಲಿನ ಜನ ತಿರುಗಿ ತಿರುಗಿ ನೋಡಿದರು. ಕೆಂಚಪ್ಪನವರು ಹೆಂಡತಿಯ ಮುಖವನ್ನೇ ನೋಡುತ್ತಾ, "ಆಮೇಲೆ?" ಎಂದರು.