ಇಂಟರ್ವಲ್ ಆದ ಮೇಲೆ ಶುರುವಾದ ಸಿನಿಮಾ

ಮೊಮ್ಮಕ್ಕಳೇ, ಟಿ.ವಿ. ಮುಂದೆ ಕೂತಾಗಲೆಲ್ಲ ನಿಮಗೆ ನನ್ನ ಮೇಲೆ ಸಿಟ್ಟು. “ಆಯೀ, ಕೊನಿ ಕೇಳಬ್ಯಾಡ, ಸುಮ್ನ ನೋಡು” ಎನ್ನುತ್ತೀರಿ. ನಾನು ಮಾತ್ರ ಕೊಂದವರು ಯಾರು, ಉಳಿಯುವವರು ಯಾರು ಎಂದು ಮೊದಲೇ ಕೇಳಿಕೊಂಡು, ಆಮೇಲೆ ಕಾಲು ಚಾಚಿ ನೋಡುತ್ತೇನೆ. ಈ ಚಾಳಿ ನನಗೆ ಎಲ್ಲಿಂದ ಬಂತು, ನಿಮ್ಮ ಅವ್ವನ ಪುಸ್ತಕದೊಳಗೆ ಅದು ಹೇಗೆ ಹೋಗಿ ಕೂತಿತು ಎಂಬುದನ್ನು ಬರೆದಿಡುತ್ತೇನೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇದಕ್ಕಾದರೂ ಆಗಲಿ.

ನಾನು ಲಗ್ನವಾಗಿ ಹತ್ತಿಕುಣಿಗೆ ಬಂದಾಗ ಅಲ್ಲಿನ ಹೆಂಗಸರು ಯಾದಗಿರಿಗೆ ಹೋಗುತ್ತಿದ್ದುದು ಸಂತೆಯ ದಿನ ಮಾತ್ರ. ಬದನೆಕಾಯಿ, ಹಸಿಮೆಣಸಿನಕಾಯಿ ಬುಟ್ಟಿಗಳು ಖಾಲಿಯಾಗುವ ಹೊತ್ತಿಗೆ ಟಾಕೀಸಿನಲ್ಲಿ ಮಧ್ಯಾಹ್ನದ ಆಟ ಅರ್ಧ ಮುಗಿದಿರುತ್ತಿತ್ತು. ಸಂಜೆಯ ಆಟವನ್ನು ಪೂರ್ತಿ ನೋಡಿದರೆ ಊರಿನ ಕೊನೆಯ ಬಸ್ಸು ತಪ್ಪುತ್ತಿತ್ತು. ಅದಕ್ಕೆ ನಮ್ಮವರು ಒಂದು ದಾರಿ ಮಾಡಿಕೊಂಡಿದ್ದರು. ಇಂಟರ್ವಲ್‌ ಹೊತ್ತಿಗೆ ಒಳಗೆ ಹೋಗಿ ಉಳಿದರ್ಧ ನೋಡುವುದು, ಜಾಗ ಬಿಡದೆ ಅಲ್ಲೇ ಕೂತು ಸಂಜೆ ಆಟದ ಮೊದಲರ್ಧ ನೋಡುವುದು, ಮತ್ತೆ ಇಂಟರ್ವಲ್‌ ಆದಾಗ ಎದ್ದು ಬಸ್ಸಿಗೆ ಓಡುವುದು. ಬಾಗಿಲು ಕಾಯುವ ಚಾಚಾ ನಮ್ಮನ್ನು ಎಂದೂ ತಡೆಯಲಿಲ್ಲ. ನಮ್ಮ ಬುಟ್ಟಿಗಳನ್ನು ಕಂಡ ಕೂಡಲೇ ಒಳಗಿನವರಿಗೆ ಕೂಗಿ ಹೇಳುತ್ತಿದ್ದ: “ಹತ್ತಿಕುಣಿ ಮಂದಿ ಬಂದಾರ, ಸಿನಿಮಾ ತಿರುವಿ ಹಾಕ್ರಿ.”

ಹೀಗಾಗಿ ನನ್ನ ಪಾಲಿಗೆ ಎಲ್ಲ ಸಿನಿಮಾಗಳೂ ಮೊದಲು ಮುಗಿದು ಆಮೇಲೆ ಶುರುವಾಗುತ್ತಿದ್ದವು. ಸತ್ತವರು ಎದ್ದು ಬಂದು ಹಾಡುತ್ತಿದ್ದರು. ಮಕ್ಕಳಾದವರು ಆಮೇಲೆ ಪ್ರೀತಿ ಮಾಡುತ್ತಿದ್ದರು. ಅದು ನಮಗೆ ವಿಚಿತ್ರ ಅನಿಸಲೇ ಇಲ್ಲ. ಹಿಂದಿಯಲ್ಲಿ ಸಸ್ಪೆನ್ಸ್ ಸಿನಿಮಾ ಮಾಡಿ ಹೆಸರಾದ ಒಬ್ಬ ನಿರ್ದೇಶಕನಿದ್ದ. ಅವನ ಸಿನಿಮಾ ಬಂದರೆ ಟಾಕೀಸಿನ ಮುಂದೆ “ಕೊನೆಯನ್ನು ಯಾರಿಗೂ ಹೇಳಬೇಡಿ” ಎಂಬ ಬೋರ್ಡು ತೂಗುತ್ತಿತ್ತು. ನಾವು ಕೊನೆಯಿಂದಲೇ ಶುರು ಮಾಡುತ್ತಿದ್ದೆವು.

ಅವನ ಒಂದು ಸಿನಿಮಾ ನನ್ನ ಮನಸ್ಸಿನಿಂದ ಹೋಗಿಲ್ಲ. ಗುಡ್ಡದ ಮೇಲೆ ಒಂದು ಬಂಗಲೆ. ಅದರ ಪಡಸಾಲೆಯ ಅಂಚಿಗೆ ಒಂದು ಜೋಕಾಲಿ, ಕೆಳಗೆ ಆಳವಾದ ಕಣಿವೆ. ಆ ಮನೆಯ ಪುಟ್ಟ ಹುಡುಗಿ ದಿನವೂ ಅದರಲ್ಲಿ ತೂಗಿಕೊಳ್ಳುತ್ತಾಳೆ. ಮನೆಯಲ್ಲಿ ಅವಳ ಕಾಕಾ ಇದ್ದಾನೆ, ಬಹಳ ಮೆತ್ತನೆಯ ಮನುಷ್ಯ. ನಾನು ಒಳಗೆ ಹೋಗಿ ಕೂತ ಸ್ವಲ್ಪ ಹೊತ್ತಿಗೆ ಆ ಜೋಕಾಲಿಯ ಸರಪಳಿ ಕಡಿಯಿತು. ಹುಡುಗಿ ಕಟ್ಟೆ ಹಿಡಿದು ಹೇಗೋ ಉಳಿದಳು. ಆಸ್ತಿಗಾಗಿ ಸರಪಳಿಯ ಕೊಂಡಿ ಅರದಿಂದ ಉಜ್ಜಿದವನು ಕಾಕಾನೇ ಎಂದು ಗೊತ್ತಾಯಿತು. ಆಮೇಲೆ ಮೊದಲರ್ಧ ಬಂತು. ಅದರಲ್ಲಿ ಕಾಕಾ ಎಣ್ಣೆ ಡಬ್ಬಿ ಹಿಡಿದು ಬಂದು, ಹುಡುಗಿಗೆ ಕಿರುಗುಟ್ಟುವ ಸದ್ದು ಕೇಳಬಾರದೆಂದು ಸರಪಳಿಗೆ ಎಣ್ಣೆ ಬಿಡುತ್ತಾನೆ. ಮುಂಚೆ ಬಂದು ಕೂತವರಿಗೆ ಅವನು ಎಷ್ಟು ಒಳ್ಳೆಯವನು ಅನಿಸಿರಬೇಕು. ನಾನು ಮಾತ್ರ ಪಕ್ಕದಲ್ಲಿದ್ದ ನೆಗೆಣ್ಣಿಯ, ನಿಮ್ಮ ಅವ್ವನ ಚಿಗವ್ವನ, ಕೈ ಹಿಡಿದುಕೊಂಡೆ. ಅವಳ ಬಳೆ ಒಡೆಯಿತು. ಬಸ್ಸಿನಲ್ಲಿ ಊರು ಬರುವತನಕ ಅವಳು ಅದನ್ನೇ ಹೇಳಿ ನನ್ನನ್ನು ಆಡಿಕೊಂಡಳು.

ನಿಮ್ಮ ಅವ್ವ ಚಿಕ್ಕವಳಿದ್ದಾಗ ತಲೆಗೆ ಎಣ್ಣೆ ಹಚ್ಚುತ್ತ ಈ ಕಥೆಯನ್ನು ನಾನು ಅದೇ ರೀತಿ, ಹಿಂದಿನಿಂದ ಮುಂದಕ್ಕೆ, ಹೇಳುತ್ತಿದ್ದೆ. ಆಕೆ ಅದನ್ನು ಎಷ್ಟು ಸಲ ಕೇಳಿದಳೋ. ಮುಂದೆ ಓದಿ ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದಳು. ನಮ್ಮ ಯಜಮಾನರು, ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ನನ್ನನ್ನೂ ತನ್ನ ಮನೆಗೆ ಕರೆತಂದಳು. ಪಿಎಚ್.ಡಿ. ಮಾಡುವಾಗ ಅದೇ ನಿರ್ದೇಶಕನ ಸಿನಿಮಾಗಳನ್ನೇ ಆರಿಸಿಕೊಂಡಳು. ನಮ್ಮ ಬೀಗರ ಕಡೆಯ ಅತ್ತೆಯೊಬ್ಬರು ಮನೆಗೆ ಬಂದು ಚಹಾ ಕುಡಿಯುತ್ತ, “ಮಂದಿ ಮಕ್ಕಳು ವಚನದ ಮ್ಯಾಲ ಡಾಕ್ಟರ್ ಆಗ್ತಾರ, ನಿನ್ನ ಮಗಳು ಖೂನಿ ಮ್ಯಾಲ ಆಗಾಕತ್ತಾಳ” ಎಂದರು. ನಾನು ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಆಮೇಲೆ ನೆನಪಾಯಿತು.

ನಿಮ್ಮ ಅವ್ವ ಕೆಲಸ ಮಾಡುವ ರೀತಿಯನ್ನು ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಒಂದೇ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡುವಳು. ಬೆಳಕು ಎಲ್ಲಿಂದ ಬಿದ್ದಿದೆ, ಬಾಗಿಲು ಎಷ್ಟು ತೆರೆದಿದೆ, ಕ್ಯಾಮೆರಾ ಯಾರ ಎತ್ತರದಲ್ಲಿದೆ ಎಂದು ಬರೆದುಕೊಳ್ಳುವಳು. ರೊಟ್ಟಿ ತಣ್ಣಗಾದರೂ ಏಳುತ್ತಿರಲಿಲ್ಲ. ಹೊಲದಲ್ಲಿ ಕಳೆ ಕೀಳುವವರು ಒಂದು ಸಾಲು ಮುಗಿಸದೆ ತಲೆ ಎತ್ತುವುದಿಲ್ಲವಲ್ಲ, ಹಾಗೆ ಕೂತಿರುತ್ತಿದ್ದಳು.

ಆಕೆಯ ಪ್ರಬಂಧದ ನಡುಮನೆಯಂತಿದ್ದದ್ದು ಒಂದು ಅಧ್ಯಾಯ. ಈ ನಿರ್ದೇಶಕನ ಹೆಚ್ಚುಗಾರಿಕೆ ಗುಟ್ಟು ಮುಚ್ಚಿಡುವುದರಲ್ಲಿ ಇಲ್ಲ, ಗುಟ್ಟು ತಿಳಿದವರನ್ನೂ ಅವನು ನಡುಗಿಸುತ್ತಾನೆ ಎಂದು ಅದರಲ್ಲಿ ವಾದಿಸಿದ್ದಳು. ಆಕೆಯ ಮಾರ್ಗದರ್ಶಕರಾದ ಸುರಪುರದ ಸರ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಕೆಟ್ಟವರಲ್ಲ. ಪ್ರತಿ ಹಾಳೆಯನ್ನೂ ಓದಿ ತಿದ್ದುವವರು. ಆದರೆ ಗುಟ್ಟು ಬಿಟ್ಟುಕೊಟ್ಟ ಮೇಲೆ ಸಸ್ಪೆನ್ಸ್ ಎಲ್ಲಿ ಉಳಿಯುತ್ತದೆ, ನಿಮ್ಮ ತಾಯಿಯವರ ನೆನಪೊಂದೇ ಇದಕ್ಕೆ ಆಧಾರವಾಗಲಾರದು, ಆಧಾರ ತೋರಿಸಿ ಇಲ್ಲವೇ ಈ ಅಧ್ಯಾಯ ತೆಗೆಯಿರಿ ಎಂದರು. ಅದು ಹೋದರೆ ಉಳಿಯುವುದು ಬೇರೆಯವರು ಆಗಲೇ ಬರೆದ ಮಾತುಗಳೇ ಎಂದು ಮಗಳು ನನ್ನ ಮುಂದೆ ಹೇಳಿಕೊಂಡಳು. ಊಟ ಬಿಟ್ಟು ಮಲಗಿದಳು.

ಬೆಳಗ್ಗೆ ಎದ್ದವಳೇ ಒಂದು ಉಪಾಯ ಹೇಳಿದಳು. ಓಣಿಯ ಹೆಂಗಸರಿಗೆ ಮನೆಯಲ್ಲೇ ಆ ಸಿನಿಮಾ ತೋರಿಸುವುದು. ಮೊದಲ ಮಧ್ಯಾಹ್ನ ಬಂದವರಿಗೆ ಏನೂ ಹೇಳದೆ ತೋರಿಸುವುದು. ಮರುದಿನ ಬೇರೆ ಹೆಂಗಸರನ್ನು ಕರೆದು, ಕಥೆಯ ಕೊನೆ ಮೊದಲೇ ಹೇಳಿ ತೋರಿಸುವುದು. ಎರಡೂ ದಿನ ಸರ್ ಬಂದು ಅವರ ಮುಖ ನೋಡಲಿ. ಕೊನೆಯನ್ನು ಹೇಳುವ ಕೆಲಸವನ್ನು ನನಗೆ ಒಪ್ಪಿಸಿದಳು. ನಾಲ್ಕು ಮಂದಿ ಕೂತಲ್ಲಿ ನೀರು ಕೊಡಲೂ ಹಿಂಜರಿಯುವವಳು ನಾನು. ಆಗುವುದಿಲ್ಲ ಎಂದೆ. ಆಕೆ ಒತ್ತಾಯ ಮಾಡಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಆ ನೋಟಕ್ಕೆ ಒಪ್ಪಿಕೊಂಡೆ.

ಮೊದಲ ದಿನ ಹೆಂಗಸರು ನಗುತ್ತ ಮಾತಾಡುತ್ತ ನೋಡಿದರು. ಕಾಕಾ ಎಣ್ಣೆ ಬಿಡುವಾಗ ಒಬ್ಬಾಕೆ ನೀರು ಕುಡಿಯಲು ಎದ್ದು ಹೋದಳು. ಸರಪಳಿ ಕಡಿದಾಗ ಮಾತ್ರ ಎಲ್ಲರೂ ಒಮ್ಮೆಲೇ ಚೀರಿದರು. ಸರ್ ಅದನ್ನೆಲ್ಲ ಬರೆದುಕೊಂಡು ಹೋದರು.

ಎರಡನೆಯ ದಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಸೆರಗಿನ ತುದಿ ತಿರುವುತ್ತ ಹೇಳಿದೆ. ಕಾಕಾ ಮೋಸಗಾರ, ಸರಪಳಿ ಅರದಿಂದ ಉಜ್ಜಿದ್ದಾನೆ, ಜೋಕಾಲಿ ಕಡಿಯುತ್ತದೆ. ಅಷ್ಟು ಹೇಳಿದವಳೇ ಅಡಿಗೆಮನೆಗೆ ಹೋಗಿಬಿಟ್ಟೆ. ಹುಡುಗಿ ಉಳಿಯುತ್ತಾಳೆ ಎಂದು ಹೇಳುವುದೇ ಮರೆತೆ.

ಆ ದಿನ ಯಾರೂ ನೀರಿಗೆ ಏಳಲಿಲ್ಲ. ಎಣ್ಣೆ ಡಬ್ಬಿ ಕಂಡದ್ದೇ ಪಕ್ಕದ ಮನೆಯ ಖಾಲಾ ಟಿ.ವಿ. ಕಡೆ ಕೈ ಮಾಡಿ, “ಅಂವನ ಕೈಯಾಗಿಂದ ಡಬ್ಬಿ ಕಸಗೋರಿ ಯಾರಾದ್ರ” ಎಂದರು. ಹುಡುಗಿ ಜೋಕಾಲಿ ಏರಿದಾಗಲೆಲ್ಲ ಇಳಿ, ಇಳಿ ಎಂದು ಗುಸುಗುಟ್ಟುವ ಸದ್ದು ಒಳಗಿದ್ದ ನನಗೂ ಕೇಳಿಸಿತು. ಸರ್ ತಾವೇ ಕುರ್ಚಿಯ ತುದಿಗೆ ಬಂದು ಕೂತಿದ್ದರಂತೆ. ನಿಮ್ಮ ಅವ್ವ ಈಗಲೂ ಅದನ್ನು ನೆನೆಸಿಕೊಂಡು ನಗುತ್ತಾಳೆ.

ಸಿನಿಮಾ ಮುಗಿದು ಹೆಂಗಸರು ಹೋದ ಮೇಲೆ ಸರ್ ನ್ಯಾಯವಾದ ಒಂದು ಪ್ರಶ್ನೆ ಎತ್ತಿದರು. ಇವರಿಗೆ ಅಪಾಯ ಗೊತ್ತಿತ್ತು, ಕೊನೆ ಗೊತ್ತಿರಲಿಲ್ಲ. ಹುಡುಗಿ ಉಳಿಯುತ್ತಾಳೆಂದು ತಿಳಿದಿದ್ದರೂ ಹೀಗೆ ನಡುಗುತ್ತಿದ್ದರೇ? ನನ್ನ ಮರೆವಿನಿಂದ ಮಗಳ ಅಧ್ಯಾಯವೇ ಹೋಯಿತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮಗಳು ಗಾಬರಿಯಾಗಲಿಲ್ಲ. ಅಡಿಗೆಮನೆಯ ಬಾಗಿಲ ಪರದೆಯ ಕಡೆ ತಿರುಗಿ ಕೇಳಿದಳು.

“ಯವ್ವಾ, ಟಾಕೀಸಿನ್ಯಾಗ ನಿನಗ ಕೂಸು ಉಳಿತದ ಅಂತ ಗೊತ್ತಿತ್ತಲ್ಲ. ಮತ್ಯಾಕ ಚಿಗವ್ವನ ಕೈಯಾನ ಬಳಿ ಒಡದಿ?”

ನಾನು ಪರದೆಯ ಹಿಂದಿನಿಂದಲೇ ಹೇಳಿದೆ. “ನನಗ ಗೊತ್ತಿತ್ತವಾ. ಕೂಸಿಗೆ ಗೊತ್ತಿರಲಿಲ್ಲಲ್ಲ.”

ಕೂಡಲೇ ಮಗಳು ಓಡಿಹೋಗಿ ಸಿನಿಮಾವನ್ನು ಮತ್ತೆ ಹಾಕಿದ ಸದ್ದು ಕೇಳಿತು. ನಾನು ಪರದೆ ಸರಿಸಿ ಇಣುಕಿದೆ. ಜೋಕಾಲಿಯ ಒಂದೊಂದು ದೃಶ್ಯವನ್ನೂ ನಿಲ್ಲಿಸಿ ಆಕೆ ಸರ್‌ಗೆ ತೋರಿಸುತ್ತಿದ್ದಳು. ಬೇರೆಲ್ಲ ಕಡೆ ಕ್ಯಾಮೆರಾ ದೊಡ್ಡವರ ಎತ್ತರದಲ್ಲಿದ್ದರೆ, ಜೋಕಾಲಿಯ ಹತ್ತಿರ ಮಾತ್ರ ಅದು ಕೂಸಿನ ಎತ್ತರಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಕಾಕಾನ ಮುಖ ಕಾಣುವುದಿಲ್ಲ, ಎಣ್ಣೆ ಹಚ್ಚುವ ಕೈ ಅಷ್ಟೇ ಕಾಣುತ್ತದೆ. ಇದನ್ನು ಆಕೆ ಎಷ್ಟೋ ತಿಂಗಳ ಹಿಂದೆಯೇ ಗುರುತಿಸಿದ್ದಳು, ಏಕೆ ಹಾಗೆ ಎಂಬುದು ಮಾತ್ರ ಸಿಕ್ಕಿರಲಿಲ್ಲ. ಈಗ ವಿವರಿಸಿ ಹೇಳಿದಳು: ನಮಗೆ ಎಷ್ಟು ತಿಳಿದಿದ್ದರೂ ಈ ನಿರ್ದೇಶಕ ನಮ್ಮನ್ನು ಏನೂ ತಿಳಿಯದ ಕೂಸಿನ ಪಕ್ಕದಲ್ಲಿ ಕೂರಿಸುತ್ತಾನೆ, ಅದಕ್ಕೆ ಭಯ ಹೋಗುವುದಿಲ್ಲ. ನನ್ನ ಮಗಳು ಅಷ್ಟು ದಿಟ್ಟವಾಗಿ ಮಾತಾಡುವುದನ್ನು ನಾನು ಅಂದೇ ಮೊದಲು ಕೇಳಿದ್ದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇನಾ ಇವಳು ಅನಿಸಿತು.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ಈ ಅಧ್ಯಾಯ ತಗೀಬ್ಯಾಡ್ರಿ, ಇನ್ನೂ ಬೆಳಸ್ರಿ” ಎಂದರು. ಹೋಗುವಾಗ ಅಡಿಗೆಮನೆಯ ಕಡೆ ನೋಡಿ ಕೈ ಮುಗಿದರು. ನಾನು ಪರದೆ ಬಿಟ್ಟುಕೊಂಡೆ.

ಪ್ರಬಂಧ ಪಾಸಾಯಿತು, ಪುಸ್ತಕವೂ ಆಯಿತು. ಯಾದಗಿರಿಯಲ್ಲಿ ಅದರ ಬಿಡುಗಡೆಯ ದಿನ ಆ ಬೀಗರ ಅತ್ತೆ ಮುಂದಿನ ಸಾಲಿನಲ್ಲಿ ಕೂತು, ಇವಳು ನಮ್ಮ ಮನೆಯ ಹುಡುಗಿ ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಹೇಳಲಿ, ಅದೇನು ಸುಳ್ಳಲ್ಲ. ಮಗಳು ವೇದಿಕೆಯಿಂದ ನನ್ನನ್ನು ಎದ್ದು ನಿಲ್ಲಲು ಹೇಳಿದಳು. ಎದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಸಲ ನನಗೆ ಓಡಿಹೋಗಬೇಕು ಅನಿಸಲಿಲ್ಲ. ಚಪ್ಪಾಳೆ ಮುಗಿಯುವತನಕ ನಿಂತೇ ಇದ್ದೆ.

ಮನೆಗೆ ಬಂದು ಪುಸ್ತಕ ಕೈಯಲ್ಲಿ ಹಿಡಿದೆ. ದೊಡ್ಡ ದೊಡ್ಡ ಮಾತುಗಳಿವೆ, ನಿಧಾನವಾಗಿ ಓದುತ್ತಿದ್ದೇನೆ. ಕೊನೆಯ ಅಧ್ಯಾಯದಿಂದ ಶುರು ಮಾಡಿದ್ದೇನೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತು. ಆದರೂ ಜೋಕಾಲಿಯ ಪುಟ ಹತ್ತಿರ ಬಂದಾಗ, ಸರ್ ಆ ಅಧ್ಯಾಯ ತೆಗೆಸಿಬಿಡುತ್ತಾರೇನೋ ಎಂದು ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.